ಶ್ರೀರಂಗಪಟ್ಟಣದ ಆಡಿಯೋ ಟೂರಲ್ಲಿ ಕೇಳದೇ ಹೋದ ಹೆಸರುಗಳು

ಪೋಸ್ಟ್ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ. ಅರ್ಧ ಓದಿ ನನ್ನನ್ನ ಟಿಪ್ಪು ಪರ, ಟಿಪ್ಪು ವಿರೋಧ ಅಂತ ಯಾವುದೋ ಒಂದು ಗೂಟಕ್ಕೆ ಕಟ್ಟಬೇಡಿ.

ಹೋದ ತಿಂಗಳು ಒಂದು ಭಾನುವಾರ ಮಗಳನ್ನ ಕರ್ಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿದ್ದೆ. ಪಿಯುಸಿ ಓದ್ತಾಳೆ. ಗೈಡ್ ದುಡ್ಡು ಯಾಕಪ್ಪ, ಮೊಬೈಲಲ್ಲೇ ಆಡಿಯೋ ಟೂರ್ ಇದೆ ಅಂತ ಅವಳೇ ಡೌನ್‌ಲೋಡ್ ಮಾಡಿದಳು. ಒಂದೊಂದು ಜಾಗಕ್ಕೆ ಹೋಗಿ ನಿಂತು ಆ ನಂಬರ್ ಒತ್ತಿದರೆ ಕಥೆ ಶುರುವಾಗುತ್ತೆ. ಒಂದು ಇಯರ್‌ಫೋನ್ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಯಾರ ಹಂಗೂ ಇಲ್ಲ, ಬೇಕಾದ ಕಡೆ ನಿಂತುಕೊಂಡು ಕೇಳಬಹುದು. ಗೈಡ್ ಆತುರ ಮಾಡ್ತಾನೆ ಅನ್ನೋ ಗೋಳಿಲ್ಲ. ವ್ಯವಸ್ಥೆ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ.

ದರಿಯಾ ದೌಲತ್‌ನಲ್ಲಿ ಪಶ್ಚಿಮದ ಗೋಡೆ ಮುಂದೆ ನಿಂತೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಬೇಸಿಗೆ ಅರಮನೆ. ಗೋಡೆ ತುಂಬ ಪೊಲ್ಲಿಲೂರು ಯುದ್ಧದ ಚಿತ್ರ. 1780ರ ಸೆಪ್ಟೆಂಬರ್ 10ರಂದು ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೈಲಿಯ ಸೈನ್ಯವನ್ನ ಪುಡಿ ಮಾಡಿದ ದಿನ. ಕಿವಿಯಲ್ಲಿ ಗಡಸು ದನಿ, ಹಿಂದೆ ಕುದುರೆ ಕಾಲಿನ ಸದ್ದು. ಇವನು ಹೈದರ್, ಇವನು ಟಿಪ್ಪು, ಪಲ್ಲಕ್ಕಿಯಲ್ಲಿ ಕೂತಿರೋನು ಬೈಲಿ ಅಂತ ಒಬ್ಬೊಬ್ಬರನ್ನೇ ತೋರಿಸ್ತಾ ಹೋಯ್ತು. ಮಗಳು ಪಾಸ್ ಮಾಡಿ ಕೇಳಿದಳು: "ಅಪ್ಪ, ಪಲ್ಲಕ್ಕೀಲಿ ಕೂತಿರೋನ ಹೆಸ್ರು ಹೇಳ್ತು. ಹೊತ್ಕಂಡಿರೋರ್ ಹೆಸ್ರು ಹೇಳ್ನೇ ಇಲ್ವಲ್ಲ?"

ಪಲ್ಲಕ್ಕಿ ಹೊತ್ತವರು ನಮ್ಮವರೇ ಅಂತ ನಾನು ಹೇಳೋಕೆ ಹೋಗಲ್ಲ. ಬೋಯಿಗಳು, ಬೆಸ್ತರು ಹೊರ್ತಾ ಇದ್ದ ಕೆಲಸ ಅದು. ಆದರೆ ಅವಳ ಪ್ರಶ್ನೆ ಆಮೇಲೆ ಇಡೀ ದಿನ ನಮ್ಮ ಜೊತೆ ನಡೀತು. ಬೈಲಿ ಬಂದೀಖಾನೆ, ಮಸೀದಿ, ಗುಂಬಜ್, ಟಿಪ್ಪು ಹೆಣ ಸಿಕ್ಕಿದ ಜಾಗ, ಎಲ್ಲಾ ಕಡೆ ಅದೇ. ಸುಲ್ತಾನ, ದಿವಾನ, ಜನರಲ್, ಕರ್ನಲ್, ಕೊನೆಗೆ ದ್ರೋಹಿ ಮೀರ್ ಸಾದಿಕ್. ದ್ರೋಹಿ ಆಗೋಕೂ ಹೆಸರು ಇರಬೇಕು ಅಂತ ಅವತ್ತು ಅನ್ನಿಸ್ತು ನನಗೆ. ಉಳಿದವರೆಲ್ಲ ಆಡಿಯೋದಲ್ಲಿ ಒಂದೇ ಪದ: "ಸೈನಿಕರು". ಅದೂ ಕಿರುಚೋ ಸದ್ದಿನಲ್ಲಿ.

ಮಧ್ಯಾಹ್ನ ಕೋಟೆಯ ವಾಯುವ್ಯ ಮೂಲೆಗೆ ಹೋದೆವು. ಫಿರಂಗಿ ಹೊಡೆದು ಗೋಡೆ ಒಡೆದದ್ದು ಅಲ್ಲೇ. ಅಲ್ಲೊಂದು ಕಂಬ ಇದೆ, ಸ್ಮಾರಕ. 1907ರಲ್ಲಿ ನಿಲ್ಲಿಸಿದ್ದು. ನಿಲ್ಲಿಸಿದ್ದು ಬ್ರಿಟಿಷರಲ್ಲ, ಮೈಸೂರು ಸರ್ಕಾರ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ. ನಾಲ್ವಡಿಯವರ ಮೇಲೆ ನಮಗೆ ಗೌರವ ಇದೆ. 1918ರಲ್ಲಿ ಮಿಲ್ಲರ್ ಸಮಿತಿ ನೇಮಿಸಿ ಹಿಂದುಳಿದವರಿಗೆ ಸರ್ಕಾರಿ ನೌಕರಿಯ ಬಾಗಿಲು ತೆರೆದವರು, ನನ್ನಂಥೋರು ಇವತ್ತು ಆಫೀಸಲ್ಲಿ ಕುರ್ಚಿ ಮೇಲೆ ಕೂತಿರೋದರ ಹಿಂದೆ ಆ ಋಣವೂ ಇದೆ. ಅದು ಬೇರೆ ಮಾತು. ಈ ಕಂಬದ ಮೇಲೆ ಏನು ಬರೆದಿದೆ ಅಂದರೆ, ಜನರಲ್ ಹ್ಯಾರಿಸ್ ನೇತೃತ್ವದ ಬ್ರಿಟಿಷ್ ಸೈನ್ಯ ಮುತ್ತಿಗೆ ಹಾಕಿ 1799ರ ಮೇ 4ರಂದು ಪಟ್ಟಣ ಹಿಡಿದದ್ದರ ನೆನಪಿಗೆ, ಆ ಕಾರ್ಯಾಚರಣೆಯಲ್ಲಿ ಬಿದ್ದ ವೀರ ಅಧಿಕಾರಿಗಳ ಹೆಸರಿಗೆ. ಅಧಿಕಾರಿಗಳ ಹೆಸರಿಗೆ, ಗಮನಿಸಿ.

ಇದನ್ನ ಓದಿದ ಕೂಡಲೇ ನನಗೆ ನೆನಪಾಗಿದ್ದು ಇನ್ನೊಂದು ಕಂಬ. ಪುಣೆ ಹತ್ತಿರದ ಭೀಮಾ ಕೋರೆಗಾಂವ್. 1818ರ ಜನವರಿ 1ರಂದು ಕಂಪನಿಯ ಎಂಟುನೂರು ಚಿಲ್ಲರೆ ಮಂದಿ, ಬಾಂಬೆ ಸೈನ್ಯದ ಒಂದು ಪಟಾಲಮ್ಮು ಮತ್ತು ಸ್ವಲ್ಪ ಕುದುರೆ ಸವಾರರು, ಇಪ್ಪತ್ತು ಸಾವಿರ ದಾಟಿದ ಪೇಶ್ವೆ ಸೈನ್ಯವನ್ನ ದಿನವಿಡೀ ತಡೆದು ನಿಲ್ಲಿಸಿದರು. ಅಲ್ಲಿನ ಕಂಬದ ಮೇಲೆ ಕಂಪನಿ ಕಡೆ ಸತ್ತ 49 ಜನರ ಹೆಸರಿದೆ. ಅದರಲ್ಲಿ 22 ಹೆಸರು 'ನಾಕ್' ಅಂತ ಮುಗಿಯುತ್ತೆ. ನಾಕ್ ಅಂದರೆ ಮಹಾರ್. ಕಲ್ಲಿನ ಮೇಲೆ ಅಸ್ಪೃಶ್ಯರ ಹೆಸರು, ಒಬ್ಬೊಬ್ಬರದೂ ಬೇರೆ ಬೇರೆ. ಬಾಬಾಸಾಹೇಬರು 1927ರ ಜನವರಿ 1ರಂದು ಅಲ್ಲಿ ಹೋಗಿ ನಿಂತರು. ಇವತ್ತು ಲಕ್ಷಗಟ್ಟಲೆ ಜನ ಹೋಗ್ತಾರೆ. ಆ ಹೆಸರುಗಳು ಕಲ್ಲಿನ ಮೇಲೆ ಇಲ್ಲದಿದ್ದರೆ ಯಾರು ಹೋಗ್ತಿದ್ದರು ಹೇಳಿ.

ನಾನು ಗುಮಾಸ್ತ. ಇಪ್ಪತ್ತು ವರ್ಷದಿಂದ ಹಾಜರಾತಿ ಪುಸ್ತಕ, ಸಂಬಳದ ಬಿಲ್ಲು, ಸೇವಾ ಪುಸ್ತಕ ಇದೇ ನನ್ನ ಕೆಲಸ. ಹೆಸರು ಎಲ್ಲಿ ಉಳಿಯುತ್ತೆ ಅಂತ ನನಗೆ ಸ್ವಲ್ಪ ಗೊತ್ತು. ಸಂಬಳ ಕೊಡಬೇಕು, ಪಿಂಚಣಿ ಕೊಡಬೇಕು ಅಂದಾಗ ಹೆಸರು ಬರೀಲೇಬೇಕಾಗುತ್ತೆ. ಕೂಲಿಗೆ ಬಂದೋನ ಹೆಸರು ಬರೆಯಲ್ಲ, ತಲೆ ಎಣಿಸಿ ಸಂಖ್ಯೆ ಹಾಕ್ತಾರೆ. ಬಿಟ್ಟಿ ಚಾಕರಿ ಮಾಡಿದೋನಿಗೆ ಸಂಖ್ಯೆಯೂ ಇಲ್ಲ. ಕೋರೆಗಾಂವ್‌ನಲ್ಲಿ ಮಹಾರರು ಪಟಾಲಮ್ಮಿನ ಪಟ್ಟಿಯಲ್ಲಿದ್ದರು, ಅದಕ್ಕೇ ಕಲ್ಲಿನ ಮೇಲೂ ಬಂದರು.

ಹಾಗಾದರೆ ಶ್ರೀರಂಗಪಟ್ಟಣದಲ್ಲಿ ನಮ್ಮವರು ಇರಲಿಲ್ವಾ? ಇದ್ದರು. ಎರಡೂ ಕಡೆ ಇದ್ದರು. ನನ್ನ ಕಷ್ಟ ಇರೋದೇ ಅಲ್ಲಿ.

ಮೊದಲು ಹೊರಗಿನಿಂದ ಬಂದವರನ್ನ ನೋಡೋಣ. ಹ್ಯಾರಿಸ್ ಜೊತೆ ಬಂದದ್ದು ಮದ್ರಾಸ್ ಸೈನ್ಯ. 18ನೇ ಶತಮಾನದ ಮದ್ರಾಸ್ ಸೈನ್ಯದಲ್ಲಿ ಪರೆಯರು ದೊಡ್ಡ ಸಂಖ್ಯೆಯಲ್ಲಿದ್ದರು. ಅದರಲ್ಲೂ ಪಯನೀರ್ ಅಂತ ಒಂದು ದಳ, 1780ರಲ್ಲಿ ಶುರುವಾಗಿದ್ದು. ಕಂದಕ ತೋಡೋದು, ದಾರಿ ಮಾಡೋದು, ಕೊಡಲಿ ಹಿಡಿದು ಮುಂದೆ ಹೋಗೋದು, ಕೋಟೆ ಹತ್ತೋ ಏಣಿ ಹೊರೋದು ಇವರ ಕೆಲಸ. ಬಂದೂಕು ಹಿಡಿದೋನಿಗಿಂತ ಮೊದಲು ಗುಂಡು ಬೀಳೋದು ಏಣಿ ಹಿಡಿದೋನಿಗೆ. ಆ ಪಯನೀರ್ ದಳವೇ ಮುಂದೆ ಮದ್ರಾಸ್ ಸ್ಯಾಪರ್ಸ್ ಆಯ್ತು, ಇವತ್ತು ಬೆಂಗಳೂರು ಹಲಸೂರು ಕೆರೆ ಪಕ್ಕ ಇರೋ ಎಂಇಜಿ. ಇನ್ನು ಕಣ್ಣೂರು ಕಡೆಯಿಂದ ಕೊಡಗಿನ ಮೇಲೆ ಬಂದದ್ದು ಬಾಂಬೆ ಸೈನ್ಯ. ಮಹಾರರು ಸೇರ್ತಾ ಇದ್ದ ಸೈನ್ಯ ಅದು. ಬಾಬಾಸಾಹೇಬರ ಅಜ್ಜ ಮಾಲೋಜಿ, ಅಪ್ಪ ರಾಮ್‌ಜಿ ಸುಬೇದಾರ್ ಇದೇ ಪರಂಪರೆಯವರು.

ಮೇ 4, ಮಧ್ಯಾಹ್ನ ಒಂದು ಗಂಟೆ ಸುಮಾರು. ಒಳಗಿನವರು ಊಟ ಮಾಡಿ ದಣಿವಾರಿಸಿಕೊಳ್ಳೋ ಹೊತ್ತು ಅಂತ ನೋಡಿಯೇ ಆ ಸಮಯ ಇಟ್ಟಿದ್ದರು. ಮಳೆಗಾಲ ಬಂದು ಕಾವೇರಿ ತುಂಬಿದರೆ ದಾಟೋಕೆ ಆಗಲ್ಲ, ಜೊತೆಗೆ ಪಾಳೆಯದಲ್ಲಿ ಅಕ್ಕಿ ತೀರ್ತಾ ಬಂದಿತ್ತು. ಅದಕ್ಕೇ ಆತುರ. ನುಗ್ಗಿದವರು ಸುಮಾರು 4,400 ಮಂದಿ. ಅದರಲ್ಲಿ 1,900ರಷ್ಟು ನಮ್ಮ ದೇಶದ ಸಿಪಾಯಿಗಳು. ಮುಂದೆ ನಿಂತು ನಡೆಸಿದವನು ಡೇವಿಡ್ ಬೇರ್ಡ್, ಪೊಲ್ಲಿಲೂರಿನಲ್ಲಿ ಸೆರೆ ಸಿಕ್ಕಿ ಇದೇ ಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದವನು. ಆಡಿಯೋದವರಿಗೆ ಇದೊಂದು ಸಿನಿಮಾ ಕಥೆ ಸಿಕ್ಕಿದ ಹಾಗಾಗಿದೆ, ಬೇರ್ಡ್ ಸೇಡಿನ ಬಗ್ಗೆ ಐದು ನಿಮಿಷ ಮಾತಾಡ್ತಾರೆ. ಏಣಿ ಹೊತ್ತವನ ಬಗ್ಗೆ ಐದು ಸೆಕೆಂಡೂ ಇಲ್ಲ.

ಆಮೇಲೆ ಏನಾಯ್ತು ಅಂತ ಕೇಳಿ. ಆ ರಾತ್ರಿ ಲೂಟಿ. ಲೂಟಿಯಾಗದೆ ಉಳಿದ ಮನೆ ಇಲ್ಲ ಅನ್ನೋ ಹಾಗೆ ವೆಲ್ಲೆಸ್ಲಿಯೇ ತನ್ನ ಅಣ್ಣನಿಗೆ ಪತ್ರ ಬರೆದ. ಹಿಡಿದು ನೇಣು ಹಾಕಿ, ಚಾಟಿಯಲ್ಲಿ ಹೊಡೆದು ನಿಲ್ಲಿಸಬೇಕಾಯ್ತು. ಇದು ಬೀದಿ ಲೂಟಿ. ಲೆಕ್ಕದ ಲೂಟಿ ಬೇರೆ. ಖಜಾನೆಯಲ್ಲಿ ಸಿಕ್ಕಿದ್ದನ್ನ ದರ್ಜೆ ಪ್ರಕಾರ ಹಂಚಿಕೊಂಡರು. ಹ್ಯಾರಿಸ್‌ಗೆ 1,40,000 ಪೌಂಡಿಗೂ ಜಾಸ್ತಿ. ಬಿಳಿ ಸಾಮಾನ್ಯ ಸೈನಿಕನಿಗೆ ಏಳು ಪೌಂಡು. ದೇಶೀ ಸಿಪಾಯಿಗೆ ಐದು. ಇಂಗ್ಲೆಂಡಿನಲ್ಲಿ ಪದಕ ಮಾಡಿಸಿದರು, ಒಂದು ಮುಖದಲ್ಲಿ ಸಿಂಹ ಹುಲಿಯನ್ನ ಕೆಡವಿಕೊಂಡಿರೋ ಚಿತ್ರ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ ಬೇರೆ. ದೊಡ್ಡವರಿಗೆ ಚಿನ್ನ, ಅವರ ಕೆಳಗೆ ಚಿನ್ನದ ನೀರು ಕೊಟ್ಟ ಬೆಳ್ಳಿ, ಆಮೇಲೆ ಬರೀ ಬೆಳ್ಳಿ, ಆಮೇಲೆ ಕಂಚು, ಕಟ್ಟಕಡೆಗೆ ಸಿಪಾಯಿಗೆ ತವರ. ಐದು ಮೆಟ್ಟಿಲು. ಈ ಏಣಿ ನಮಗೇನು ಹೊಸದಾ?

ಈಗ ಕೋಟೆ ಒಳಗಡೆ ಬನ್ನಿ. ಟಿಪ್ಪು ಕಾಲ್ದಳದಲ್ಲಿ ಬೇಡರು ಇದ್ದದ್ದು ಪ್ರಸಿದ್ಧ. ಆದರೆ ಒಂದು ಯುದ್ಧ ನಡೆಯೋದು ಬಂದೂಕು ಹಿಡಿದೋರಿಂದ ಮಾತ್ರ ಅಲ್ಲ. ಮೈಸೂರಿನ ರಾಕೆಟ್ಟು ಅಂತ ಎದೆ ತಟ್ಟಿಕೊಳ್ತೀವಲ್ಲ, ಅದು ಏನು? ಕಬ್ಬಿಣದ ಕೊಳವೆ, ಉದ್ದನೆ ಬಿದಿರು, ಎರಡನ್ನೂ ಬಿಗಿದು ಕಟ್ಟೋ ಚರ್ಮದ ಪಟ್ಟಿ. ಕೊಳವೆ ಇಟ್ಟುಕೊಂಡು ವಿಜ್ಞಾನಿಗಳು ಪ್ರಬಂಧ ಬರೀತಾರೆ. ಚರ್ಮದ ಪಟ್ಟಿ ಯಾರು ಹದ ಮಾಡಿದರು? ಮೋಟ್ (ಬಾವಿಯಿಂದ ನೀರೆತ್ತೋ ಚರ್ಮದ ಚೀಲ), ಕುದುರೆ ಜೀನು, ಎತ್ತಿನ ಮಿಣಿ, ಸಿಪಾಯಿ ಮೆಟ್ಟು, ಇದೆಲ್ಲ ಯಾರ ಕೈಯಿಂದ ಬಂತು? ನಮ್ಮ ಸೀಮೆಯಲ್ಲಿ ಚರ್ಮ ಮುಟ್ಟಿದ ಕೈ ಯಾವುದು ಅಂತ ಊರಿಗೆಲ್ಲ ಗೊತ್ತು. ಮಾದಿಗರ ಕೇರಿ ಇಲ್ಲದೆ ಒಂದು ರಾಕೆಟ್ಟೂ ಹಾರ್ತಿರಲಿಲ್ಲ ಅಂತ ನಾನು ಹೇಳಿದರೆ ಅದು ಉತ್ಪ್ರೇಕ್ಷೆ ಅಲ್ಲ.

ಎತ್ತುಗಳ ವಿಷಯ ಇನ್ನೂ ದೊಡ್ಡದು. ಆ ಕಾಲದ ಯುದ್ಧ ಅಂದರೆ ಎತ್ತು. ಫಿರಂಗಿ ಎಳೆಯೋದು ಎತ್ತು, ಅಕ್ಕಿ ಹೊರೋದು ಎತ್ತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲವರೆಗೂ ಬಂದು ಅರಕೆರೆಯಲ್ಲಿ ಗೆದ್ದ, ಆದರೂ ಹಿಂದಕ್ಕೆ ಹೋಗಬೇಕಾಯ್ತು. ಯಾಕೆ? ಎತ್ತು ಸತ್ತವು. ಮೇವಿಲ್ಲ, ರೋಗ, ಮಳೆ. ದೊಡ್ಡ ಫಿರಂಗಿಗಳನ್ನ ಎಳೆಯೋರಿಲ್ಲದೆ ಅವನೇ ಒಡೆದು ಹಾಕಿ ಹೋದ. ಮುಂದಿನ ವರ್ಷ ಮತ್ತೆ ಬಂದು, 1792ರ ಫೆಬ್ರವರಿಯಲ್ಲಿ ಟಿಪ್ಪುವಿನ ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನ ಒತ್ತೆ ತಗೊಂಡ. ಈ ಸಲ ಅವನಿಗೆ ಅನ್ನ ಹಾಕಿದ್ದು ಯಾರು? ಬಂಜಾರರು. ಸಾವಿರಾರು ಎತ್ತಿನ ಮೇಲೆ ದವಸ ಹೇರಿಕೊಂಡು ಸೈನ್ಯದ ಹಿಂದೆ ನಡೆದ ಲಂಬಾಣಿಗಳು. 1799ರಲ್ಲೂ ಹ್ಯಾರಿಸ್ ಸೈನ್ಯ ಉಂಡಿದ್ದು ಅವರು ಹೊತ್ತು ತಂದದ್ದನ್ನೇ. ಇವತ್ತು ಕರ್ನಾಟಕದಲ್ಲಿ ಅವರು ಪರಿಶಿಷ್ಟ ಜಾತಿ. ಒಳಮೀಸಲಾತಿ ಹೆಸರಲ್ಲಿ ನಾವು ನಾವೇ ಒಬ್ಬರ ಮುಖ ಒಬ್ಬರು ನೋಡದ ಹಾಗೆ ಆಗಿದ್ದೀವಿ, ಆದರೆ ಈ ಪಟ್ಟಣದ ಸುತ್ತ ಇನ್ನೂರು ಚಿಲ್ಲರೆ ವರ್ಷದ ಹಿಂದೆ ಹೊಲೆಯ, ಮಾದಿಗ, ಲಂಬಾಣಿ, ಕಲ್ಲು ಮಣ್ಣಿನ ಕೆಲಸದ ಒಡ್ಡ ಎಲ್ಲರೂ ಒಂದೇ ಧೂಳು ಕುಡಿದಿದ್ದಾರೆ.

ಸತ್ತ ಆ ಎತ್ತುಗಳನ್ನ ಎಳೆದು ಹಾಕಿದ್ದು ಯಾರು ಅಂತ ಬಿಡಿಸಿ ಹೇಳಬೇಕಾ? ಮೇ 4ರಂದು ಕೋಟೆ ಒಳಗೆ ಸತ್ತ ಸಾವಿರಾರು ಜನರನ್ನ ಮಣ್ಣು ಮಾಡಿದ್ದು? ಟಿಪ್ಪುವನ್ನ ಮಾರನೇ ದಿನ ಸಕಲ ಮರ್ಯಾದೆಯಿಂದ ಗುಂಬಜ್‌ನಲ್ಲಿ ಅಪ್ಪ ಅಮ್ಮನ ಪಕ್ಕ ಮಲಗಿಸಿದರು, ಕಂಪನಿ ಫಿರಂಗಿ ಗೌರವ ಕೊಟ್ಟಿತು, ಆಡಿಯೋದಲ್ಲಿ ಇಲ್ಲಿ ಪಿಟೀಲು ಬಾರಿಸ್ತಾರೆ. ಮಿಕ್ಕ ಹೆಣಗಳಿಗೆ ಗುಂಡಿ ತೋಡಿದವರ ಬಗ್ಗೆ ನಮ್ಮ ಹಳ್ಳಿಯ ಯಾವ ಮುದುಕನನ್ನ ಕೇಳಿದರೂ ಹೇಳ್ತಾನೆ.

ಗ್ಯಾರಿಸನ್ ಸಮಾಧಿ ಸ್ಥಳಕ್ಕೂ ಹೋಗಿದ್ದೆವು. ಆಮೇಲಿನ ವರ್ಷಗಳಲ್ಲಿ ಇಲ್ಲಿ ಜ್ವರ ಬಂದು ಸತ್ತ ಯುರೋಪಿನವರ ಗೋರಿಗಳು, ಸ್ವಿಸ್ ಮ್ಯೂರಾನ್ ರೆಜಿಮೆಂಟಿನವರದ್ದೂ ಇದೆ. ಅವರ ವಂಶದವರು ಎಲ್ಲಿಂದಲೋ ಬಂದು ದುಡ್ಡು ಹಾಕಿ ರಿಪೇರಿ ಮಾಡಿಸಿದ್ದಾರೆ. ಅದನ್ನ ನೋಡಿ ನನಗೆ ಸಿಟ್ಟು ಬರಲಿಲ್ಲ. ಹೊಟ್ಟೆ ಉರೀತು, ಅಷ್ಟೇ. ಪುಟ್ಟ ಮಕ್ಕಳ ಹೆಸರೂ ಇದೆ ಕಲ್ಲಿನ ಮೇಲೆ. ಆ ಜ್ವರದ ಕಾಟಕ್ಕೇ 1809ರ ಹೊತ್ತಿಗೆ ದಂಡು ಬೆಂಗಳೂರಿಗೆ ಹೋಯ್ತು, ದಂಡು ಪ್ರದೇಶ ಹುಟ್ಟಿತು. ದಂಡಿನ ಜೊತೆ ಅಡಿಗೆಯವರು, ಕುದುರೆ ಹುಲ್ಲು ಕೊಯ್ಯೋರು, ಜಲಗಾರರು ಹೋದರು. ಬೆಂಗಳೂರಿನ ತಮಿಳು ದಲಿತ ಕೇರಿಗಳ ಚರಿತ್ರೆಯಲ್ಲಿ ಶ್ರೀರಂಗಪಟ್ಟಣದ ಸೊಳ್ಳೆಗೂ ಒಂದು ಪಾತ್ರ ಇದೆ.

ಯುದ್ಧ ಮುಗಿದು ಒಂದೇ ವರ್ಷಕ್ಕೆ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅಂತ ಒಬ್ಬ ಡಾಕ್ಟರು ಕಂಪನಿ ಅಪ್ಪಣೆ ಮೇಲೆ ಇಲ್ಲಿಗೆ ಬಂದ. ಟಿಪ್ಪು ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನ ಇದ್ದರು ಅಂತ ಕೇಳಿಸಿಕೊಂಡವನು, ತಾನು ಬಂದಾಗ ಸುಮಾರು 32 ಸಾವಿರ ಅಂತ ಲೆಕ್ಕ ಹಾಕಿದ. ನೋಡಿ, ಊರು ಹೇಗೆ ಬರಿದಾಯ್ತು ಅಂತ. ಮೈಸೂರು ಸೀಮೆ ಸುತ್ತಿ ಅವನು ಬರೆದ ಪುಸ್ತಕ 1807ರಲ್ಲಿ ಬಂತು. ಹೊಲೆಯರು, ಮಾದಿಗರು ಅಂತ ಬೇರೆ ಬೇರೆಯಾಗಿ ವಿಚಾರಿಸಿ ಬರೆದಿದ್ದಾನೆ. ಬಲಗೈ ಜಾತಿ, ಎಡಗೈ ಜಾತಿ ಅಂತ ಇಡೀ ಊರು ಎರಡಾಗಿದ್ದದ್ದು, ಹೊಲೆಯರು ಬಲಗೈ, ಮಾದಿಗರು ಎಡಗೈ ಅಂತ ಇದ್ದದ್ದು ಎಲ್ಲಾ ಅದರಲ್ಲಿದೆ. ಸುಲ್ತಾನ ಹೋದ, ಒಡೆಯರು ಬಂದರು, ಕಂಪನಿ ಬಂತು, ನಮ್ಮ ಕೇರಿ ಮಾತ್ರ ಊರಾಚೆ ಇದ್ದಲ್ಲೇ ಇತ್ತು. ಆಡಿಯೋದಲ್ಲಿ ಇದನ್ನ ಹೇಳೋಕೆ ಯಾವ ದಾಖಲೆಯೂ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ಅಚ್ಚಾಗಿ ಇನ್ನೂರು ವರ್ಷ ದಾಟಿದೆ.

ಇನ್ನು ನನ್ನ ಕಷ್ಟಕ್ಕೆ ಬರ್ತೀನಿ. ಮನೆಗೆ ಬಂದ ಮೇಲೆ ನಾವು ಏಳೆಂಟು ಜನ ಸೇರಿ, ನಮ್ಮದೇ ಒಂದು ಆಡಿಯೋ ಮಾಡೋಣ ಅಂತ ಕೂತೆವು. ಸ್ಟುಡಿಯೋ ಇಲ್ಲ, ಪಿಟೀಲೂ ಇಲ್ಲ, ಫೋನಿನ ರೆಕಾರ್ಡರು ಅಷ್ಟೇ. ದರಿಯಾ ದೌಲತ್, ಮದ್ದಿನ ಮನೆ, ಗುಂಬಜ್, ವೆಲ್ಲೆಸ್ಲಿ ಸೇತುವೆ, ನಾಲ್ಕು ಆಗಿದೆ. (ಮದ್ದಿನ ಮನೆ ಅಂದರೆ 2017ರಲ್ಲಿ ರೈಲ್ವೆ ಜೋಡಿ ಹಳಿಗೋಸ್ಕರ ಇಡಿಯಾಗಿ ಎತ್ತಿ ನೂರು ಮೀಟರ್ ಆಚೆ ಇಟ್ಟರಲ್ಲ, ಅದು. ಸಾವಿರ ಟನ್ ಕಟ್ಟಡ ಬಿರುಕು ಬಿಡದ ಹಾಗೆ ಸರಿಸ್ತಾರೆ ಬಿಡಿ.) ಐದನೆಯದು ಕೋಟೆ ಒಡೆದ ಜಾಗ. ಅಲ್ಲಿ ನಮ್ಮಲ್ಲೇ ಜಗಳ ಬಂತು.

ನಮ್ಮ ಸಂಘಟನೆಯ ಹಿರಿಯರೊಬ್ಬರು, ನಾನು ಅಣ್ಣ ಅಂತಲೇ ಕರೆಯೋದು, ಹೇಳಿದರು: "ನೋಡಪ್ಪ, ಕಂಪನಿ ಸೈನ್ಯದಲ್ಲಿ ನಮ್ಮೋರಿದ್ರು ಅಂತ ಈಗ್ಯಾಕೆ ಎತ್ತೀಯ? ಮೊದ್ಲೇ ಟಿಪ್ಪು ಹೆಸ್ರಲ್ಲಿ ಊರು ಹೊತ್ಕಂಡ್ ಉರೀತಾ ಅದೆ. ನಾಳೆ ದಲಿತರೇ ದೇಶದ್ರೋಹಿಗಳು ಅಂತಾರೆ. ಇಲ್ಲ, ದಲಿತರೇ ಟಿಪ್ಪುನ ಕೊಂದ್ರು ಅಂತ ಹೆಮ್ಮೆಯಿಂದ ನಮ್ ಹುಡುಗ್ರಿಗೇ ಕೇಸರಿ ಶಾಲು ಹಾಕ್ತಾರೆ. ಎರಡೂ ಕಡೆ ನಮ್ಗೇ ಏಟು." ಅವರ ಮಾತು ಸುಳ್ಳಲ್ಲ. 2018ರಲ್ಲಿ ಕೋರೆಗಾಂವ್ ಇನ್ನೂರನೇ ವರ್ಷಕ್ಕೆ ಹೋದವರ ಮೇಲೆ ಏನಾಯ್ತು, ಆಮೇಲೆ ಯಾರು ಯಾರು ಜೈಲಿಗೆ ಹೋದರು, ಅದನ್ನೆಲ್ಲ ನೋಡಿದವರು ಅವರು.

ಆದರೂ ನಾನು ಒಪ್ಪಿಲ್ಲ. ಕೋರೆಗಾಂವ್ ಬೇರೆ, ಶ್ರೀರಂಗಪಟ್ಟಣ ಬೇರೆ. ಪೇಶ್ವೆ ರಾಜ್ಯದಲ್ಲಿ ಅಸ್ಪೃಶ್ಯನ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿದ್ದನ್ನ ಬಾಬಾಸಾಹೇಬರೇ ಬರೆದಿದ್ದಾರೆ. ಅದರ ವಿರುದ್ಧ ಬಂದೂಕು ಹಿಡಿದದ್ದನ್ನ ಹಬ್ಬ ಮಾಡ್ತೀವಿ, ಮಾಡಬೇಕು. ಟಿಪ್ಪು ಪೇಶ್ವೆ ಅಲ್ಲ. ಹಾಗಾಗಿ ಮೇ 4 ನನಗೆ ಹಬ್ಬ ಅಲ್ಲ. ಆದರೆ ಏಣಿ ಹೊತ್ತ ಆ ಪರೆಯ ಹುಡುಗ ದ್ರೋಹಿಯೂ ಅಲ್ಲ. ಊರೊಳಗೆ ಬಾವಿ ಮುಟ್ಟೋಕೆ ಬಿಡದ ದೇಶದಲ್ಲಿ ತಿಂಗಳ ಸಂಬಳ, ಮೈಮೇಲೆ ಕೆಂಪು ಅಂಗಿ ಕೊಟ್ಟವನ ಹಿಂದೆ ಅವನು ಹೋದ. ನದಿ ದಾಟಿದ, ಗೋಡೆ ಹತ್ತಿದ. ಒಳಗಡೆ ಅವನ ಎದುರಿಗೆ ಸಿಕ್ಕವನು ಮೆಟ್ಟು ಹೊಲಿಯೋ ಮಾದಿಗನೂ ಆಗಿರಬಹುದು, ಆ ರಾತ್ರಿ ಲೂಟಿಯಾದ ಮನೆಗಳಲ್ಲಿ ನಮ್ಮ ಹೆಣ್ಣುಮಕ್ಕಳ ಗುಡಿಸಲೂ ಇದ್ದಿರಬಹುದು. ಇದನ್ನ ಹೇಳೋಕೆ ನಾಲಿಗೆ ಹೊರಳಲ್ಲ, ನನಗೂ. ಆದರೆ ನಾವೇ ಹೇಳದಿದ್ದರೆ ಆ ಗಡಸು ದನಿಯೋನು ಹೇಳ್ತಾನಾ? ಇಲ್ಲಾ ಬೇರೆಯೋರು ಅವರಿಗೆ ಬೇಕಾದ ಹಾಗೆ ಹೇಳ್ತಾರೆ.

ಐದನೇ ಆಡಿಯೋದ ಬರಹ ನಾನೇ ಬರೆದಿದ್ದೀನಿ, ಓದಿದ್ದು ಮಗಳು. ಆರು ನಿಮಿಷ ಇದೆ. ಅಣ್ಣ ಇನ್ನೂ ಹೂಂ ಅಂದಿಲ್ಲ. ಕಂಬದ ಮುಂದೆ ನಿಂತ್ಕೊಂಡು ಕೇಳಿ ಆಮೇಲೆ ಹೇಳ್ತೀನಿ ಅಂದಿದ್ದಾರೆ. ಅದಕ್ಕೇ ಬರೋ ಭಾನುವಾರ ಬೆಳಿಗ್ಗೆ ಒಂಬತ್ತೂವರೆಗೆ ಶ್ರೀರಂಗಪಟ್ಟಣ ಬಸ್ ಸ್ಟ್ಯಾಂಡಲ್ಲಿ ಸೇರ್ತಿದ್ದೀವಿ. ಗಂಜಾಂ, ಪಾಲಹಳ್ಳಿ, ಕಿರಂಗೂರು ಕಡೆಯ ಕೇರಿಗಳ ಹಿರಿಯರು ಯಾರಾದರೂ ಬಂದರೆ ಬಹಳ ಉಪಕಾರ. ನಿಮ್ಮ ತಾತ ಅಜ್ಜಿ ಹೇಳ್ತಿದ್ದ ಜಾಗದ ಹೆಸರು, ಗುಂಡಿ, ಕಟ್ಟೆ, ಕೇರಿಯ ಕಥೆ ಏನಿದ್ದರೂ ಸರಿ, ಫೋನಲ್ಲಿ ರೆಕಾರ್ಡ್ ಮಾಡ್ಕೋತೀವಿ, ನಿಮ್ಮ ಹೆಸರು ಹೇಳಿಯೇ ಹಾಕ್ತೀವಿ. ಇಯರ್‌ಫೋನ್ ತನ್ನಿ. ಬಿಸಿಲು ಜೋರಿದೆ, ನೀರು ತನ್ನಿ. ಮಧ್ಯಾಹ್ನದ ಊಟಕ್ಕೆ ನಮ್ಮ ಮನೆಯಿಂದ ಮುದ್ದೆ, ಉಪ್ಸಾರು ಬರುತ್ತೆ, ಎಷ್ಟು ಜನ ಅಂತ ಶುಕ್ರವಾರದೊಳಗೆ ತಿಳಿಸಿ.

ಜೈ ಭೀಮ್.